ಶೋಕೇಸಿನ ಅಶೋಕ ಸ್ತಂಭ: ಶಿಲ್ಪ ಯಾವುದು, ಲಾಂಛನ ಯಾವುದು?

ಹಾಲ್‌ನ ಶೋಕೇಸಿನಲ್ಲಿ ಮರದ ಅಶೋಕ ಸ್ತಂಭ, ಗೋಡೆಯ ಮೇಲೆ ಮರದ ಚಕ್ರ, ಓದುವ ಟೇಬಲ್ ಮೇಲೆ ಮರದಲ್ಲೇ ಮಾಡಿದ ಪುಟ್ಟ ತ್ರಿವರ್ಣ ಬಾವುಟ. ನಿವೃತ್ತಿಯಾದವರಿಗೆ, ಹೊಸ ಮನೆ ಕಟ್ಟಿದವರಿಗೆ, ಸರ್ಕಾರಿ ಕೆಲಸ ಸಿಕ್ಕವರಿಗೆ ಇಂಥ ವಸ್ತುಗಳನ್ನು ಪ್ರೀತಿಯಿಂದ ಕೊಡುತ್ತೇವೆ. ಆನ್‌ಲೈನ್ ಅಂಗಡಿಗಳಲ್ಲಿ ಬೇಕಾದ ಹೆಸರು ಕೆತ್ತಿಸಿಕೊಡುವವರೂ ಇದ್ದಾರೆ. ಕೊಡುವವರ ಮನಸ್ಸಿನಲ್ಲಿ ಅಭಿಮಾನ ಬಿಟ್ಟರೆ ಬೇರೇನೂ ಇರುವುದಿಲ್ಲ. ಆದರೂ ಇವುಗಳಲ್ಲಿ ಕೆಲವು ಕಾನೂನಿನ ಗೆರೆ ದಾಟುತ್ತವೆ, ಕೆಲವು ದಾಟುವುದಿಲ್ಲ. ಯಾವುದು ದಾಟುತ್ತದೆ ಅಂತ ಕೊಳ್ಳುವವರು ಕೇಳುವುದಿಲ್ಲ, ಮಾರುವವರು ಹೇಳುವುದಿಲ್ಲ. ಉಳಿ ಹಿಡಿದು ಕೂತ ಕೆತ್ತನೆಗಾರ ಮಾತ್ರ ಆರ್ಡರ್ ಬಂದಂತೆ ಮಾಡಿಕೊಡುತ್ತಾ ಹೋಗುತ್ತಾನೆ.

ಈ ಗೊಂದಲಕ್ಕೆ ಮುಖ್ಯ ಕಾರಣ ಒಂದೇ ಅನ್ನಿಸುತ್ತದೆ. ಎರಡು ಬೇರೆ ಬೇರೆ ವಸ್ತುಗಳನ್ನು ನಾವು ಒಂದೇ ಎಂದುಕೊಂಡಿದ್ದೇವೆ. ಸಾರನಾಥದ ಶಿಲ್ಪ ಬೇರೆ. ಭಾರತ ಸರ್ಕಾರದ ಲಾಂಛನ ಬೇರೆ.

ಸಾರನಾಥದ ಶಿಲ್ಪ ಕ್ರಿ.ಪೂ. 250ರ ಸುಮಾರಿನದು, ಅಶೋಕನ ಕಾಲದ್ದು. ಚುನಾರ್‌ನ ಮರಳುಗಲ್ಲಿನಲ್ಲಿ ಕಡೆದು ಕನ್ನಡಿಯಂತೆ ನುಣುಪು ಮಾಡಿದ, ಸುಮಾರು 7 ಅಡಿ ಎತ್ತರದ ಬೋದಿಗೆ, ಅಂದರೆ ಕಂಬದ ತಲೆಯ ಭಾಗ, ಅದು. 1905ರಲ್ಲಿ ಎಂಜಿನಿಯರ್ ಎಫ್.ಒ. ಓರ್ಟೆಲ್ ನಡೆಸಿದ ಉತ್ಖನನದಲ್ಲಿ ಸಿಕ್ಕಿತು. ಈಗ ಸಾರನಾಥದ ಮ್ಯೂಸಿಯಂನಲ್ಲಿದೆ. ಅದರಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ನಿಂತ ನಾಲ್ಕು ಸಿಂಹಗಳಿವೆ. ಅವುಗಳ ಕಾಲಡಿಯ ದುಂಡು ಪಟ್ಟಿಯಲ್ಲಿ ಆನೆ, ಗೂಳಿ, ಕುದುರೆ, ಸಿಂಹ ನಡೆಯುತ್ತಿವೆ. ನಡುನಡುವೆ ನಾಲ್ಕು ಚಕ್ರಗಳಿವೆ. ಅದರ ಕೆಳಗೆ ಗಂಟೆಯಂತೆ ಬೋರಲಾದ ಕಮಲ. ಸಿಂಹಗಳ ತಲೆಯ ಮೇಲೆ ಮೊದಲು ಒಂದು ದೊಡ್ಡ ಧರ್ಮಚಕ್ರವೂ ಇತ್ತು. ಅದರ ಚೂರುಗಳು ಮಾತ್ರ ಸಿಕ್ಕಿವೆ.

1950ರ ಜನವರಿ 26ರಂದು ಸರ್ಕಾರ ಅಂಗೀಕರಿಸಿದ್ದು ಈ ಶಿಲ್ಪದಿಂದ ತೆಗೆದುಕೊಂಡ ಒಂದು ಚಿತ್ರವನ್ನು. ಅದರಲ್ಲಿ ಕಾಣುವುದು ಮೂರೇ ಸಿಂಹ. ಪಟ್ಟಿಯ ನಡುವೆ ಒಂದು ಚಕ್ರ, ಬಲಕ್ಕೆ ಗೂಳಿ, ಎಡಕ್ಕೆ ಕುದುರೆ, ಎರಡೂ ತುದಿಯಲ್ಲಿ ಇನ್ನೆರಡು ಚಕ್ರಗಳ ಅಂಚು. ಆನೆ ಕಾಣುವುದಿಲ್ಲ. ಕಮಲವನ್ನು ಬಿಟ್ಟಿದ್ದಾರೆ. ಕೆಳಗೆ ದೇವನಾಗರಿಯಲ್ಲಿ ‘ಸತ್ಯಮೇವ ಜಯತೇ’ ಎಂಬ ಮುಂಡಕ ಉಪನಿಷತ್ತಿನ ಮಾತು ಸೇರಿದೆ. ಆ ಮಾತು ಇದ್ದರೆ ಮಾತ್ರ ಲಾಂಛನ ಪೂರ್ತಿ.

ಅಂದರೆ ಕಮಲದ ಮೇಲೆ ನಿಂತ, ಸುತ್ತಲೂ ತಿರುಗಿ ನೋಡಬಹುದಾದ ನಾಲ್ಕು ಸಿಂಹದ ಮರದ ಕೆತ್ತನೆ ಒಂದು ಪುರಾತನ ಶಿಲ್ಪದ ಪ್ರತಿಕೃತಿ. ಹಲಗೆಯ ಮೇಲೆ ಮೂರು ಸಿಂಹ ಉಬ್ಬಿಸಿ, ಕೆಳಗೆ ‘ಸತ್ಯಮೇವ ಜಯತೇ’ ಬರೆದದ್ದು ಲಾಂಛನವೇ. ಮಾರುಕಟ್ಟೆಯಲ್ಲಿ ಎರಡಕ್ಕೂ ಒಂದೇ ಹೆಸರು, ‘ಅಶೋಕ ಸ್ತಂಭ’. ಎಷ್ಟೋ ಸಲ ಎರಡೂ ಕಲಸಿಹೋಗಿರುತ್ತವೆ: ಮೇಲೆ ನಾಲ್ಕು ಸಿಂಹ, ಕೆಳಗಿನ ಪೀಠದಲ್ಲಿ ಹಿತ್ತಾಳೆ ಅಕ್ಷರದ ಸತ್ಯಮೇವ ಜಯತೇ.

ಕಾನೂನು ಏನು ಹೇಳುತ್ತದೆ

ಲಾಂಛನದ ದುರ್ಬಳಕೆ ತಡೆಯಲು 2005ರಲ್ಲಿ ಪ್ರತ್ಯೇಕ ಕಾಯ್ದೆ ಬಂತು. 2007ರಲ್ಲಿ ಅದರ ನಿಯಮಗಳು ಬಂದವು. ಲಾಂಛನವೆಂದರೆ ಯಾವುದು ಎಂದು ಹೇಳಲು ಕಾಯ್ದೆ ತನ್ನ ಅನುಬಂಧದಲ್ಲಿ ಚಿತ್ರವನ್ನೇ ಕೊಟ್ಟಿದೆ. ಮೂರನೇ ಸೆಕ್ಷನ್ ಪ್ರಕಾರ ಲಾಂಛನವನ್ನಾಗಲಿ, ಅದರಂತೆ ಕಾಣುವ ನಕಲನ್ನಾಗಲಿ, ಇದು ಸರ್ಕಾರಕ್ಕೆ ಸಂಬಂಧಿಸಿದ್ದು ಎಂಬ ಭಾವನೆ ಹುಟ್ಟಿಸುವಂತೆ ಅನುಮತಿಯಿಲ್ಲದೆ ಬಳಸಬಾರದು. ನಾಲ್ಕನೇ ಸೆಕ್ಷನ್ ವ್ಯಾಪಾರದ್ದು. ವ್ಯಾಪಾರ, ವೃತ್ತಿ, ಟ್ರೇಡ್‌ಮಾರ್ಕ್, ಡಿಸೈನ್‌ಗಾಗಿ ಲಾಂಛನ ಬಳಸುವುದನ್ನು ಅದು ತಡೆಯುತ್ತದೆ. ತಪ್ಪಿದರೆ ಎರಡು ವರ್ಷದವರೆಗೆ ಜೈಲು, 5,000 ರೂಪಾಯಿವರೆಗೆ ದಂಡ. ಅಕ್ರಮ ಲಾಭಕ್ಕಾಗಿ ವ್ಯಾಪಾರದಲ್ಲಿ ಬಳಸಿದರೆ ಕನಿಷ್ಠ ಆರು ತಿಂಗಳ ಜೈಲಿದೆ. ಕೇಸು ನಡೆಸಬೇಕಾದರೆ ಮಾತ್ರ ಕೇಂದ್ರ ಸರ್ಕಾರದ, ಇಲ್ಲವೇ ಅದು ಅಧಿಕಾರ ಕೊಟ್ಟವರ ಒಪ್ಪಿಗೆ ಮೊದಲೇ ಬೇಕು.

ಮೂರನೇ ಸೆಕ್ಷನ್‌ನ ಆಶಯ ನನಗೆ ಪೂರ್ತಿ ಒಪ್ಪಿಗೆ. ಲಾಂಛನಕ್ಕೆ ಅಧಿಕಾರದ ಬಲವಿದೆ. ಕಾರಿನ ಮುಂದೆಯೋ ಮನೆಯ ನೇಮ್‌ಪ್ಲೇಟಿನ ಮೇಲೆಯೋ ಅದನ್ನು ಹಾಕಿಕೊಂಡರೆ ನೋಡಿದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಟೋಲ್‌ನಲ್ಲಿ ಕೇಳುವ ಪ್ರಶ್ನೆ ಕಮ್ಮಿಯಾಗುತ್ತದೆ. ಅದನ್ನು ತಡೆಯಲೇಬೇಕು, ಅಲ್ವಾ? ಮಾಜಿ ಮಂತ್ರಿಗಳು, ಮಾಜಿ ಸಂಸದರು ಕೂಡ ಅಧಿಕಾರ ಹೋದ ಮೇಲೆ ಲಾಂಛನ ಬಳಸುವಂತಿಲ್ಲ ಎಂದು ನಿಯಮ ಬಿಡಿಸಿ ಹೇಳಿದೆ. ವಕೀಲರು, ಚಾರ್ಟರ್ಡ್ ಅಕೌಂಟೆಂಟರು ತಮ್ಮ ಲೆಟರ್‌ಹೆಡ್‌ನಲ್ಲಿ ಹಾಕಿಕೊಳ್ಳುವಂತಿಲ್ಲ.

ಕಷ್ಟ ಶುರುವಾಗುವುದು ನಿಯಮದ ಅಗಲದಿಂದ. ಅಧಿಕಾರವಿಲ್ಲದ ಯಾರೂ ಲಾಂಛನವನ್ನು ‘ಯಾವುದೇ ರೀತಿಯಲ್ಲಿ’ ಬಳಸಬಾರದು ಎಂದು ಹತ್ತನೇ ನಿಯಮ ಹೇಳುತ್ತದೆ. ಅಕ್ಷರಕ್ಕೆ ಅಕ್ಷರ ಓದಿದರೆ ಸತ್ಯಮೇವ ಜಯತೇ ಇರುವ ಗೋಡೆಯ ಹಲಗೆ ಶೋಕೇಸಿನಲ್ಲಿದ್ದರೂ ಅದರೊಳಗೆ ಬರುತ್ತದೆ. ಅದನ್ನು ಕೆತ್ತಿ ಮಾರಿದವನು ನಾಲ್ಕನೇ ಸೆಕ್ಷನ್‌ಗೂ ಸಿಕ್ಕಿಕೊಳ್ಳಬಹುದು. ಸಾರನಾಥದ ಶಿಲ್ಪವನ್ನು ಕಮಲದ ಸಮೇತ, ಬರಹವಿಲ್ಲದೆ ಕೆತ್ತಿದರೆ? ನನ್ನ ಓದಿನಲ್ಲಿ ಅದು ಲಾಂಛನವಲ್ಲ. ಮನೆಯೊಳಗೆ ಇಟ್ಟರೆ ಸರ್ಕಾರದ್ದೆಂಬ ಭ್ರಮೆಯನ್ನೂ ಹುಟ್ಟಿಸುವುದಿಲ್ಲ. ಆದರೆ ‘ಅದರಂತೆ ಕಾಣುವ ನಕಲು’ ಎಂಬ ಮಾತು ಕಾಯ್ದೆಯಲ್ಲಿ ಇರುವುದರಿಂದ, ಒಬ್ಬ ಅಧಿಕಾರಿ ಬೇರೆ ಥರ ಓದಿದರೆ ಉತ್ತರ ಕೊಡಬೇಕಾದವನು ಕೆತ್ತನೆಗಾರನೇ.

ಪುಸ್ತಕಗಳ ವಿಷಯದಲ್ಲಿ ಇದೇ ನಿಯಮಗಳು ಎಷ್ಟು ಚೆನ್ನಾಗಿವೆ ನೋಡಿ. ಶಾಲಾ ಪಠ್ಯದಲ್ಲಿ, ಇತಿಹಾಸ ಅಥವಾ ಕಲೆಯ ಪುಸ್ತಕದಲ್ಲಿ ಲಾಂಛನದ ಹುಟ್ಟು, ಅರ್ಥ ವಿವರಿಸಲು ಒಳಪುಟದಲ್ಲಿ ಅದನ್ನು ಅಚ್ಚು ಹಾಕಬಹುದು. ಮುಖಪುಟದಲ್ಲಿ ಹಾಕುವಂತಿಲ್ಲ. ಎಲ್ಲಿ ತಿಳಿವಳಿಕೆ, ಎಲ್ಲಿ ಮೆರೆಸುವಿಕೆ ಎಂಬ ಗೆರೆಯನ್ನು ಅಲ್ಲಿ ನೇರವಾಗಿ ಎಳೆದಿದ್ದಾರೆ. ಮರದ ಕೆಲಸಕ್ಕೂ ಹಾಗೇ ಎಳೆಯಬಹುದು.

ನಮ್ಮ ಗಂಡಭೇರುಂಡಕ್ಕೂ ಇದೇ ಮಾತು. ಮೈಸೂರಿನ ಕಡೆಯ ಮರದ ಕೆಲಸದಲ್ಲಿ ಅದು ಬಹಳ ಇಷ್ಟದ ವಿನ್ಯಾಸ. ಬಳ್ಳಿಗಾವಿಯ ಭೇರುಂಡ ಕಂಬ 1047ರದ್ದು. ವಿಜಯನಗರದ ನಾಣ್ಯಗಳಲ್ಲೂ ಎರಡು ತಲೆಯ ಈ ಹಕ್ಕಿ ಇದೆ. ಆ ಹಕ್ಕಿ ಎಲ್ಲರದ್ದು. ಆದರೆ ಅದರ ಅಕ್ಕಪಕ್ಕ ಆನೆತಲೆಯ ಸಿಂಹದಂಥ ಶರಭಗಳನ್ನು ನಿಲ್ಲಿಸಿ, ಮೇಲೆ ಸಿಂಹಗಳನ್ನಿಟ್ಟು ಕೆತ್ತಿದರೆ ಅದು ಕರ್ನಾಟಕ ಸರ್ಕಾರದ ಲಾಂಛನವಾಗುತ್ತದೆ. ರಾಜ್ಯ ಸರ್ಕಾರಗಳ ಲಾಂಛನವನ್ನು ವ್ಯಾಪಾರಕ್ಕೆ ಬಳಸುವುದನ್ನು 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆ ತಡೆಯುತ್ತದೆ.

ಮರದ ಬಾವುಟವೂ ಬಾವುಟವೇ

ಬಾವುಟದ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. ಆದರೆ ಆ ಸ್ಪಷ್ಟತೆ ಜನರಿಗೆ ತಲುಪಿಲ್ಲ. ಧ್ವಜಸಂಹಿತೆ ಬಾವುಟವನ್ನು ಬಟ್ಟೆಯ ಲೆಕ್ಕದಲ್ಲೇ ವಿವರಿಸುತ್ತದೆ. 2021ರ ಡಿಸೆಂಬರ್ ತಿದ್ದುಪಡಿಯ ನಂತರ ಹತ್ತಿ, ಪಾಲಿಯೆಸ್ಟರ್, ಉಣ್ಣೆ, ರೇಷ್ಮೆ, ಖಾದಿ ಯಾವುದರಲ್ಲಾದರೂ ಮಾಡಬಹುದು. ಮರದ ಹೆಸರಿಲ್ಲ. ಹಾಗಾದರೆ ಮರದ್ದು ಬರೀ ಆಟಿಕೆ ಅಂದುಕೊಂಡರೆ ತಪ್ಪು. 1971ರ ರಾಷ್ಟ್ರ ಗೌರವ ಕಾಯ್ದೆ ಬಾವುಟದ ಚಿತ್ರ, ಫೋಟೊ, ‘ಯಾವುದೇ ವಸ್ತುವಿನಿಂದ ಮಾಡಿದ, ಯಾವುದೇ ವಸ್ತುವಿನ ಮೇಲೆ ಮೂಡಿಸಿದ’ ರೂಪವನ್ನೆಲ್ಲ ಬಾವುಟ ಎಂದೇ ಎಣಿಸುತ್ತದೆ. ಸಾಗುವಾನಿ ಹಲಗೆಯ ತ್ರಿವರ್ಣ ಕೂಡ ಅದರ ಕಣ್ಣಿಗೆ ಬಾವುಟ. ಅವಮಾನವಾಗುವಂತೆ ನಡೆದುಕೊಂಡರೆ ಮೂರು ವರ್ಷದವರೆಗೆ ಜೈಲು ಇದೆ.

ಅವಮಾನ ಅಂದರೆ ಸುಡುವುದು, ತುಳಿಯುವುದು ಮಾತ್ರವಲ್ಲ. ಬಾವುಟದ ಮೇಲೆ ಯಾವುದೇ ಬರಹ ಹಾಕುವುದೂ ಆ ಪಟ್ಟಿಯಲ್ಲಿದೆ. ಅದರಲ್ಲಿ ಏನನ್ನಾದರೂ ಇಡುವುದು, ಹೊತ್ತೊಯ್ಯುವುದೂ ಇದೆ. ವಿಶೇಷ ದಿನಗಳಲ್ಲಿ ಅರಳಿಸುವ ಮೊದಲು ಹೂವಿನ ಎಸಳು ಇಡುವುದಕ್ಕೆ ಮಾತ್ರ ಅವಕಾಶ. ಈಗ ಮಾರುಕಟ್ಟೆಯನ್ನು ನೆನಪಿಸಿಕೊಳ್ಳಿ. ಬಿಳಿ ಪಟ್ಟಿಯ ಮೇಲೆ ಕಂಪನಿಯ ಹೆಸರು ಕೆತ್ತಿದ ಸ್ಮರಣಿಕೆ. ಮೂರು ಬಣ್ಣ, ನಡುವೆ ಚಕ್ರ ಇರುವ ಪೆನ್ ಸ್ಟ್ಯಾಂಡ್. ಕೀ ನೇತುಹಾಕಲು ಕೊಕ್ಕೆ ಹೊಡೆದ ತ್ರಿವರ್ಣ ಹಲಗೆ. ಇವು ಮೂರೂ ಅಪಾಯದ ಜಾಗದಲ್ಲಿವೆ. ಮಾಡಿದವರಿಗೆ ಕೆಟ್ಟ ಉದ್ದೇಶ ಇರಲಿಲ್ಲ ಎಂಬುದು ನಿಜವೇ. ಆದರೂ ಬಾವುಟದ ಮೇಲೆ ನಮ್ಮ ಹೆಸರು ಯಾಕೆ ಬೇಕು? ಕೊಟ್ಟವರ ಹೆಸರು ಬೇಕೆಂದರೆ ಪೀಠದ ಹಿಂಬದಿಯಲ್ಲಿ ಬರೆಯಿರಿ, ಬಾವುಟದ ಮೈಮೇಲೆ ಬೇಡ.

ಗೋಡೆಗೆ ಹಾಕುವಾಗ ಅಡ್ಡಲಾಗಿದ್ದರೆ ಕೇಸರಿ ಮೇಲಿರಬೇಕು. ಉದ್ದಕ್ಕೆ ಹಾಕಿದರೆ ಕೇಸರಿ ನೋಡುವವರ ಎಡಕ್ಕೆ ಬರಬೇಕು. ಉದ್ದ ಮತ್ತು ಅಗಲ 3:2ರಲ್ಲಿರಬೇಕು. ಚಕ್ರ ಕಡುನೀಲಿ, ಅರಗಳು 24. ಬಣ್ಣವಿಲ್ಲದ, ಬರೀ ಕಂದು ಮರದಲ್ಲಿ ಗೀರು ಹಾಕಿ ಮಾಡಿದ ಬಾವುಟಗಳನ್ನೂ ಕೆಲವರು ಇಷ್ಟಪಡುತ್ತಾರೆ. ನನಗೆ ಅವು ಹಿಡಿಸುವುದಿಲ್ಲ. ಸಿಂಹವನ್ನು ಕಲ್ಲಿನಿಂದ ಮರಕ್ಕೆ ತಂದರೂ ಅದು ಸಿಂಹವೇ. ತ್ರಿವರ್ಣದಿಂದ ಬಣ್ಣ ತೆಗೆದರೆ ಉಳಿಯುವುದು ಮೂರು ಪಟ್ಟಿ ಅಷ್ಟೇ. ಮುರಿದದ್ದು, ಬಣ್ಣ ಹೋದದ್ದು ಗೋಡೆಯ ಮೇಲೆ ಇರಬಾರದು. ಹಾಳಾದ ಬಾವುಟವನ್ನು ಖಾಸಗಿಯಾಗಿ, ಗೌರವದಿಂದ, ಇಡಿಯಾಗಿ ವಿಲೇವಾರಿ ಮಾಡಬೇಕೆಂದು ಸಂಹಿತೆ ಹೇಳುತ್ತದೆ. ಕಸದ ಬುಟ್ಟಿಗೆ ಹಾಕುವುದಂತೂ ಸಲ್ಲ.

ಮರ ಏನನ್ನು ಒಪ್ಪುತ್ತದೆ

ಕಾನೂನಿಗಿಂತ ನನಗೆ ಹೆಚ್ಚು ಕಾಡುವುದು ಕೆಲಸದ ಗುಣಮಟ್ಟ. ಸಾರನಾಥದ ಶಿಲ್ಪ ನಮ್ಮ ನೆಲದಲ್ಲಿ ಕಲ್ಲಿಗೆ ಜೀವ ಕೊಟ್ಟ ಕೆಲಸಗಳಲ್ಲಿ ಬಹಳ ದೊಡ್ಡದು. ಅದರ ಹೆಸರಿನಲ್ಲಿ ಮಾರುವ ಎಷ್ಟೋ ಮರದ ಸಿಂಹಗಳು ನಾಯಿಮರಿಯಂತೆ ಕಾಣುತ್ತವೆ. ಆನೆಗೂ ಗೂಳಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಚಕ್ರದ ಅರಗಳನ್ನು ಎಣಿಸಿದರೆ ಹದಿನಾರೋ ಹದಿನೆಂಟೋ ಇರುತ್ತವೆ. ಗೌರವದ ಮಾತಾಡುವಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮರದಲ್ಲಿ ಈ ಕೆಲಸ ಸುಲಭವಲ್ಲ. ಮರಳುಗಲ್ಲು ಎಲ್ಲ ದಿಕ್ಕಿನಲ್ಲೂ ಹೆಚ್ಚುಕಮ್ಮಿ ಒಂದೇ ಥರ ಒಡೆಯುತ್ತದೆ. ಮರಕ್ಕೆ ಎಳೆ ಇದೆ. 24 ಅರದ ಚಕ್ರದಲ್ಲಿ ಅರದಿಂದ ಅರಕ್ಕೆ 15 ಡಿಗ್ರಿ. ಎಳೆಯ ಜೊತೆ ಹೋಗುವ ಅರ ಗಟ್ಟಿಯಾಗಿರುತ್ತದೆ, ಎಳೆಗೆ ಅಡ್ಡ ಬರುವ ಅರ ಪಟ್ಟನೆ ಮುರಿಯುತ್ತದೆ. ಅದಕ್ಕೇ ತಿಳಿದ ಕೆಲಸಗಾರರು ಸಣ್ಣ ಚಕ್ರವನ್ನು ಆರಪಾರ ಕೊರೆಯುವುದಿಲ್ಲ, ಉಬ್ಬುಗೆತ್ತನೆಯಲ್ಲೇ ಬಿಡುತ್ತಾರೆ. ಗೋಡೆಗೆ ಹಾಕುವ ದೊಡ್ಡ ಚಕ್ರ ಬೇಕಾದರೆ ಪ್ರತಿ ಅರವನ್ನೂ ಉದ್ದ ಎಳೆಯ ಬೇರೆ ತುಂಡಿನಿಂದ ಮಾಡಿ ನಡುವಿನ ಗುಂಬಕ್ಕೂ ಹೊರಗಿನ ಬಳೆಗೂ ಕೂಡಿಸುವುದು ಸರಿಯಾದ ದಾರಿ. ಇನ್ನೊಂದು ತೊಂದರೆ ಬಿರುಕು. ಒಣಗುವಾಗ ಮರ ತನ್ನ ಸುತ್ತು ಉಂಗುರಗಳ ಉದ್ದಕ್ಕೆ ಜಾಸ್ತಿ ಕುಗ್ಗುತ್ತದೆ, ನಡುವಿನಿಂದ ಹೊರಕ್ಕೆ ಕಮ್ಮಿ. ಕಾಂಡದ ನಟ್ಟನಡುವಿನ ತಿರುಳು ಸೇರಿದ ದಿಮ್ಮಿಯಲ್ಲಿ ನಾಲ್ಕು ಸಿಂಹ ಕೆತ್ತಿದರೆ ಒಂದಲ್ಲ ಒಂದು ಬೇಸಿಗೆಯಲ್ಲಿ ಯಾವುದೋ ಸಿಂಹದ ಮುಖ ಸೀಳುತ್ತದೆ. ತಿರುಳು ಬಿಟ್ಟು ಕುಯ್ದ, ಚೆನ್ನಾಗಿ ಒಣಗಿಸಿದ ಮರವೇ ಬೇಕು.

ಕರ್ನಾಟಕದಲ್ಲಿ ಇದಕ್ಕೆ ಬೇಕಾದ ಕೈಗಳು ಇವೆ. ಸಾಗರ, ಸೊರಬ, ಶಿರಸಿ ಕಡೆಯ ಗುಡಿಗಾರರು ಗಂಧದಲ್ಲಿ ಕೂದಲೆಳೆಯ ಕೆಲಸ ಮಾಡಿದವರು. ಗಂಧ ಸಿಗುವುದು ಕಷ್ಟವಾದ ಮೇಲೆ ಶಿವನೆ ಮುಂತಾದ ಮರಗಳಲ್ಲಿ ಕೆತ್ತುತ್ತಿದ್ದಾರೆ. ಸಿಂಹದ ಕೇಸರದ ಸುರುಳಿಗಳಿಗೆ ಅಂಥ ಕೈಯೇ ಬೇಕು. ಚನ್ನಪಟ್ಟಣದವರದು ಕಡಚಲು ಯಂತ್ರದ (ಲೇತ್) ಕೆಲಸ, ಹಾಲೆ ಮರ, ಅರಗಿನ ಬಣ್ಣ. ಬೋರಲು ಕಮಲ, ದುಂಡು ಪಟ್ಟಿಯ ಅಚ್ಚು ಅಲ್ಲಿ ಸೊಗಸಾಗಿ ಬರುತ್ತದೆ, ಸಿಂಹ ಬರುವುದಿಲ್ಲ. ಯಂತ್ರದಲ್ಲಿ ತಿರುಗಿಸಿದ್ದೆಲ್ಲ ಉರುಟು ತಾನೆ? ಮೈಸೂರಿನ ಕುಸುರಿಯಲ್ಲಿ ಬೀಟೆ ಹಲಗೆಯೊಳಗೆ ಬೇರೆ ಬಣ್ಣದ ಮರದ ತುಂಡುಗಳನ್ನು ಕೂರಿಸುತ್ತಾರೆ. ನವಿಲು, ಆನೆ, ಹುಲಿಗೆ ಅದು ಹೇಳಿ ಮಾಡಿಸಿದ್ದು. ರಾಷ್ಟ್ರಪಕ್ಷಿ, ರಾಷ್ಟ್ರಪ್ರಾಣಿಯನ್ನು ಮನೆಯಲ್ಲಿ ಇಡಲು ಲಾಂಛನದ ಕಾಯ್ದೆ ಅಡ್ಡ ಬರುವುದಿಲ್ಲ ಎಂಬುದೂ ಇಲ್ಲಿ ನೆನಪಿಡಬೇಕಾದ್ದು. ಚನ್ನಪಟ್ಟಣಕ್ಕೂ ಮೈಸೂರಿನ ಕುಸುರಿಗೂ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ.

ಬೀಟೆಯ ಮಾತು ಬಂದಾಗ ರಫ್ತಿನ ವಿಷಯ ಬಿಡುವಂತಿಲ್ಲ. 2017ರ ಜನವರಿಯಿಂದ ಬೀಟೆ, ಶೀಶಮ್ ಸೇರಿದಂತೆ ಆ ಕುಲದ ಮರಗಳು, ಅಳಿವಿನ ಭಯವಿರುವ ಪ್ರಾಣಿ-ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಮಿತಿ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಗೆ ಸೇರಿದವು. ಪರವಾನಗಿಯ ತೊಡಕಿನಿಂದ ಕರಕುಶಲ ರಫ್ತಿಗೆ ಪೆಟ್ಟು ಬಿತ್ತು. 2022ರ ನವೆಂಬರ್‌ನಲ್ಲಿ ಪನಾಮಾದಲ್ಲಿ ನಡೆದ ಸಭೆಯಲ್ಲಿ ಭಾರತದ ಕೋರಿಕೆಯ ಮೇಲೆ ಸ್ವಲ್ಪ ಸಡಿಲವಾಯಿತು. ಪರವಾನಗಿ ಬೇಡದ 10 ಕಿಲೋ ಮಿತಿಯನ್ನು ಇಡೀ ಸಾಗಣೆಗಲ್ಲ, ಒಂದೊಂದು ವಸ್ತುವಿಗೆ ಲೆಕ್ಕ ಹಾಕಬಹುದು ಎಂದಾಯಿತು. ಮೇಜಿನ ಮೇಲಿನ ಶಿಲ್ಪ ಆ ಮಿತಿಯೊಳಗೇ ಬರುತ್ತದೆ.

ಹಾಗಿದ್ದರೂ ಅಂಗಡಿಯಲ್ಲಿ ‘ಕೈಕೆತ್ತನೆ’ ಎಂದು ಸಿಗುವುದರಲ್ಲಿ ದೊಡ್ಡ ಪಾಲು ಸಿಎನ್‌ಸಿ ರೂಟರ್ (ಕಂಪ್ಯೂಟರ್ ನಡೆಸುವ ಕೊರೆಯುವ ಯಂತ್ರ) ಕೊರೆದದ್ದು, ಇಲ್ಲವೇ ಮರದ ಪುಡಿ ಮತ್ತು ರೆಸಿನ್ ಕಲಸಿ ಅಚ್ಚಿಗೆ ಹೊಯ್ದದ್ದು ಎಂಬುದು ನನ್ನ ಅಂದಾಜು. ಯಂತ್ರದ ಕೆಲಸ ಪಾಪವಲ್ಲ, ಅದನ್ನು ಕೈಕೆಲಸ ಎಂದು ಮಾರುವುದು ಮೋಸ. ಗುರುತಿಸುವುದು ಕಷ್ಟವೇನಲ್ಲ. ಸಿಂಹದ ಬಾಯೊಳಗೆ, ಕಿವಿಯ ಹಿಂದೆ ನೋಡಿ. ಸಾಮಾನ್ಯ ರೂಟರ್‌ನ ಬಿಟ್ ಮೇಲಿನಿಂದ ಇಳಿಯುತ್ತದೆ, ಒಳಕ್ಕೆ ತಿರುಗಿ ಕೊರೆಯಲಾರದು. ಆಳದಲ್ಲಿ ಸಮಾನಾಂತರ ಗೆರೆಗಳು, ಉರುಟಾದ ಒಳಮೂಲೆಗಳು ಉಳಿಯುತ್ತವೆ. ಅಚ್ಚಿನದ್ದಾದರೆ ಪಕ್ಕದಲ್ಲಿ ಸಣ್ಣ ಜೋಡಣೆಯ ಗೆರೆ ಸಿಗುತ್ತದೆ. ಬುಡ ಮಗುಚಿ ನೋಡಿದರೆ ಮರದ ಉಂಗುರಗಳೇ ಇರುವುದಿಲ್ಲ. ಕೈಯಲ್ಲಿ ಮಾಡಿದ ನಾಲ್ಕು ಸಿಂಹಗಳಲ್ಲಿ ಒಂದರಂತೆ ಇನ್ನೊಂದು ಇರುವುದಿಲ್ಲ. ಒಂದರ ಮೂಗು ತುಸು ಅಗಲ, ಇನ್ನೊಂದರ ದವಡೆ ತುಸು ಬಿಗಿ.

ಮುಖದ ಭಾವವೇ ಈ ಶಿಲ್ಪದ ಪ್ರಾಣ. ಸಾರನಾಥದ ಸಿಂಹಗಳ ಬಾಯಿ ತೆರೆದಿದೆ, ಆದರೆ ಅಬ್ಬರವಿಲ್ಲ. 2022ರ ಜುಲೈ 11ರಂದು ಹೊಸ ಸಂಸತ್ ಭವನದ ಮೇಲೆ 9,500 ಕಿಲೋ ತೂಕದ, 6.5 ಮೀಟರ್ ಎತ್ತರದ ಕಂಚಿನ ಲಾಂಛನ ಅನಾವರಣಗೊಂಡಾಗ ಸಿಂಹಗಳು ಕೋಪಿಷ್ಠವಾಗಿವೆ ಎಂದು ದೊಡ್ಡ ಚರ್ಚೆ ನಡೆಯಿತು. ಕೆಳಗಿನಿಂದ ನೋಡುವ ಕೋನದಿಂದ ಹಾಗೆ ಕಾಣುತ್ತದೆ ಎಂಬ ಉತ್ತರ ಬಂತು. ಕಾಯ್ದೆಯ ಉಲ್ಲಂಘನೆ ಆಗಿಲ್ಲ ಎಂದು ಅದೇ ವರ್ಷ ಸೆಪ್ಟೆಂಬರ್ 30ರಂದು ಸುಪ್ರೀಂ ಕೋರ್ಟ್ ಅರ್ಜಿ ವಜಾ ಮಾಡಿತು. ಕೋನದ ಆ ಮಾತು ಮನೆಗೂ ಅನ್ವಯಿಸುತ್ತದೆ. ಎತ್ತರದ ಕಂಬದ ತುದಿಗೆಂದು ಕಡೆದ ಶಿಲ್ಪ ಅದು. ಒಂದಡಿಯ ಪ್ರತಿಕೃತಿಯನ್ನು ಗಿಡ್ಡ ಟೀಪಾಯಿಯ ಮೇಲೆ ಇಟ್ಟರೆ ನಾವು ನೋಡುವುದು ಸಿಂಹಗಳ ನೆತ್ತಿಯನ್ನು. ಕಣ್ಣಿನ ಮಟ್ಟಕ್ಕೆ ಅಥವಾ ತುಸು ಮೇಲೆ ಇಡಿ. ಗೋಡೆಗೆ ಒತ್ತಿ ಇಡಬೇಡಿ. ಹಾಗಿಟ್ಟರೆ ನಾಲ್ಕನೆಯ ಸಿಂಹ, ಆನೆ ಯಾವತ್ತೂ ಕಾಣುವುದಿಲ್ಲ. ಬಿಸಿಲು ನೇರವಾಗಿ ಬೀಳುವ ಕಿಟಕಿ ಮರಕ್ಕೆ ಆಗದು.

ಯಾರ ತಲೆಗೆ ಬರುತ್ತದೆ

2025ರ ಸೆಪ್ಟೆಂಬರ್ 22ರಿಂದ ಮರದ ಕರಕುಶಲ ಮೂರ್ತಿಗಳ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಒಳ್ಳೆಯದೇ. ಆದರೆ ಸರ್ಕಾರದ ಒಂದು ಕೈ ಈ ಕೆಲಸವನ್ನು ಉತ್ತೇಜಿಸುವಾಗ, ಇನ್ನೊಂದು ಕೈಯಲ್ಲಿ ‘ಯಾವುದೇ ರೀತಿಯಲ್ಲಿ’ ಎಂಬ ನಿಯಮ ಇದೆ. ಆರ್ಡರ್ ಕೊಟ್ಟ ಆನ್‌ಲೈನ್ ಅಂಗಡಿ ಪಟ್ಟಿಯಿಂದ ವಸ್ತುವನ್ನು ತೆಗೆದು ಕೈ ತೊಳೆದುಕೊಳ್ಳಬಹುದು. ಕೊಂಡವರನ್ನು ಯಾರೂ ಕೇಳುವುದಿಲ್ಲ. ಮರಕ್ಕೆ ದುಡ್ಡು ಹಾಕಿ, ದಿನಗಟ್ಟಲೆ ಕೂತು ಕೆತ್ತಿದವನ ಬಳಿ ಮಾತ್ರ ಮಾರಲಾಗದ ಸರಕು ಉಳಿಯುತ್ತದೆ. ವಕೀಲರನ್ನು ಕೇಳುವ ಶಕ್ತಿ ಇಲ್ಲದವನ ಮೇಲೆ ಕಾನೂನಿನ ಅಸ್ಪಷ್ಟತೆಯ ಭಾರ ಹಾಕುವುದು ಸರಿಯಲ್ಲ.

ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಕೇಂದ್ರ ಗೃಹ ಸಚಿವಾಲಯದ ಒಂದು ಸುತ್ತೋಲೆ ಸಾಕು. ಕಮಲದ ಸಮೇತ, ಬರಹವಿಲ್ಲದೆ, ಸುತ್ತಲೂ ಕೆತ್ತಿದ ಸಾರನಾಥ ಶಿಲ್ಪದ ಪ್ರತಿಕೃತಿ ಲಾಂಛನವಲ್ಲ, ಅದನ್ನು ಮಾಡಬಹುದು, ಮಾರಬಹುದು, ಮನೆಯಲ್ಲಿ ಇಡಬಹುದು ಎಂದು ಅದರಲ್ಲಿ ಇರಲಿ. ಮೂರು ಸಿಂಹದ ಹಲಗೆ, ಸತ್ಯಮೇವ ಜಯತೇ ಇರುವ ಪೀಠ, ವಾಹನಕ್ಕೂ ಬಾಗಿಲಿಗೂ ಅಂಟಿಸುವ ತುಂಡು ಮಾರಾಟಕ್ಕಲ್ಲ ಎಂದೂ ಇರಲಿ. ಬಾವುಟದ ಮೇಲೆ ಹೆಸರು ಕೆತ್ತುವಂತಿಲ್ಲ, ಅದನ್ನು ಪಾತ್ರೆ ಮಾಡುವಂತಿಲ್ಲ ಎಂದು ಚಿತ್ರ ಸಮೇತ ತೋರಿಸಲಿ. ಅದು ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಇದ್ದರೆ ಸಾಗರದ ಕೆತ್ತನೆಗಾರನಿಗೆ ಪ್ರಯೋಜನವಿಲ್ಲ. ರಾಜ್ಯದ ಕರಕುಶಲ ನಿಗಮ ಅದನ್ನು ಕನ್ನಡದಲ್ಲಿ ಅಚ್ಚು ಹಾಕಿ, ಸಾರನಾಥದ ಮೂಲ ಶಿಲ್ಪದ ನಾಲ್ಕೂ ಬದಿಯ ಅಳತೆ ಸಹಿತ ಚಿತ್ರಗಳ ಜೊತೆ ಕೆಲಸಗಾರರ ಮನೆಗೆ ಕಳಿಸಬೇಕು.